ಹಳೆ ರೈಲು ಆಟಕ್ಕೆ ನಮ್ಮ ಘಾಟ್ ತಂದದ್ದು: ನನ್ನ ಅನುಭವ

"ಇದೇನ್ಲೇ ತಮ್ಮಾ, ತುಂಬಿದ ಗೂಡ್ಸ್ ಗಾಡಿ ಬೈಕ್ ಹೋದಂಗ ಹೊಂಟೈತಲ್ಲ?"

ಕಾಕಾ ಹೀಗೆ ಕೇಳಿದ ದಿನ ನಾನು ಎಂಟು ತಿಂಗಳ ಕೆಲಸ ಮುಗಿಸಿ ಖುಷಿಯಲ್ಲಿದ್ದೆ. ಸ್ಕ್ರೀನ್ ಮೇಲೆ ಒಂದು ಡಬ್ಲ್ಯೂಡಿಜಿ-4 ಡೀಸೆಲ್ ಎಂಜಿನ್, ಅದರ ಹಿಂದೆ ಕಲ್ಲಿದ್ದಲು ತುಂಬಿದ ಹತ್ತು ವ್ಯಾಗನ್, ಗೋವಾದ ಕೂಲೆಂನಿಂದ ಕರ್ನಾಟಕದ ಕ್ಯಾಸಲ್‌ರಾಕ್ ಕಡೆ ಘಾಟ್ ಏರುತ್ತಿತ್ತು. ಎಂಜಿನ್ನಿನ ಶಕ್ತಿ 4,000 ಅಶ್ವಶಕ್ತಿ, ತೂಕ 126 ಟನ್. ಒಂದು ಅಂಕಿಯನ್ನೂ ಸುಳ್ಳು ಹಾಕಿರಲಿಲ್ಲ. ಕಾಕಾ ಗೂಡ್ಸ್ ಗಾಡಿಯ ಡ್ರೈವರ್ ಆಗಿ ನಿವೃತ್ತರಾದವರು. ಆ ಘಾಟ್ ಎಷ್ಟು ಸಲ ಹತ್ತಿ ಇಳಿದಿದ್ದಾರೋ ಅವರಿಗೇ ಲೆಕ್ಕವಿಲ್ಲ. ಅವರ ಕಣ್ಣಿಗೆ ನನ್ನ ಗಾಡಿ ಗಾಡಿಯಂತೆ ಕಾಣಲಿಲ್ಲ.

ಹಳೆ ಆಟವೊಂದನ್ನು ಹೊಸದು ಮಾಡಲು ಹೊರಟವರಿಗೆ ಉಪಯೋಗ ಆಗಬಹುದು ಅಂತ ನಾನು ಎಲ್ಲಿ ಎಡವಿದೆ, ಏನು ಬದಲಿಸಿದೆ, ಏನನ್ನು ಮುಟ್ಟದೆ ಬಿಟ್ಟೆ ಅನ್ನೋದನ್ನು ಬರೆಯುತ್ತಿದ್ದೇನೆ.

ಆಟ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಟ್ರಾನ್ಸ್‌ಪೋರ್ಟ್ ಟೈಕೂನ್, ಹಳಿ ಹಾಕಿ ಗಾಡಿ ಓಡಿಸಿ ಸಾಗಣೆ ಕಂಪನಿ ಬೆಳೆಸುವ ಕಂಪ್ಯೂಟರ್ ಆಟ. ಕ್ರಿಸ್ ಸಾಯರ್ ಅನ್ನುವವರು ಬಹುತೇಕ ಒಬ್ಬರೇ ಅಸೆಂಬ್ಲಿ ಭಾಷೆಯಲ್ಲಿ ಬರೆದದ್ದು, 1994ರಲ್ಲಿ ಮೈಕ್ರೋಪ್ರೋಸ್ ಹೊರತಂದಿತು, ಮರುವರ್ಷ ಡಿಲಕ್ಸ್ ಆವೃತ್ತಿ ಬಂತು. ನಾನು ಅದನ್ನು ಮೊದಲು ನೋಡಿದ್ದು ಧಾರವಾಡದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಟೈಪಿಂಗ್ ಕಲಿಯಲು ಹೋಗಿ ರೈಲು ಹಳಿ ಹಾಕುತ್ತಾ ಕೂತವನು ನಾನು. ಆಮೇಲೆ 2004ರಲ್ಲಿ ಲುಡ್ವಿಗ್ ಸ್ಟ್ರಿಗೇಯಸ್ ಅನ್ನುವ ಪ್ರೋಗ್ರಾಮರ್ ಆ ಆಟವನ್ನು ಬಿಚ್ಚಿ ನೋಡಿ ಸಿ ಭಾಷೆಯಲ್ಲಿ ಹೊಸದಾಗಿ ಬರೆದು ಓಪನ್‌ಟಿಟಿಡಿ ಅಂತ ಎಲ್ಲರಿಗೂ ಬಿಟ್ಟುಕೊಟ್ಟರು. ಅದು ಇವತ್ತಿಗೂ ಬೆಳೆಯುತ್ತಿದೆ. ದುಡ್ಡು ಕೊಡಬೇಕಿಲ್ಲ, ಮೂಲ ಕೋಡ್ ತೆರೆದಿದೆ, ನಮ್ಮದೇ ಗಾಡಿ, ಹಳಿ, ನಿಲ್ದಾಣ ಮಾಡಿ ಒಂದು ಫೈಲ್ ಆಗಿ ಸೇರಿಸಬಹುದು. ಆ ಫೈಲಿಗೆ ನ್ಯೂಜಿಆರ್‌ಎಫ್ ಅಂತಾರೆ, ಅದನ್ನು ಬರೆಯುವ ಭಾಷೆ ಎನ್‌ಎಂಎಲ್. ನಾನು ಮಾಡಹೊರಟದ್ದು ಹುಬ್ಬಳ್ಳಿ ಸುತ್ತಲಿನ ಗಾಡಿಗಳ ಸೆಟ್: ಮೀಟರ್‌ಗೇಜಿನ ವೈಪಿ, ವೈಜಿ ಉಗಿ ಎಂಜಿನ್‌ಗಳಿಂದ ಹಿಡಿದು ಇಲ್ಲಿನ ಡೀಸೆಲ್ ಶೆಡ್ಡಿನ ಡಬ್ಲ್ಯೂಡಿಜಿ-4ವರೆಗೆ. ಜೊತೆಗೆ ಹುಬ್ಬಳ್ಳಿಯಿಂದ ಗೋವಾವರೆಗಿನ ಒಂದು ನಕ್ಷೆ.

ಈಗ ಕಾಕಾ ಕೇಳಿದ ಪ್ರಶ್ನೆಗೆ ಬರೋಣ. ಅಂಕಿ ಎಲ್ಲಾ ಅಸಲಿ ಇದ್ದೂ ಗಾಡಿ ಯಾಕೆ ಸುಳ್ಳಾಗಿ ಕಂಡಿತು?

ಲೆಕ್ಕ ಮಾಡಿದಾಗ ಗೊತ್ತಾಯಿತು. ಕಲ್ಲಿದ್ದಲು ಸಾಗಿಸುವ ನಿಜವಾದ ಬಾಕ್ಸ್‌ಎನ್ ವ್ಯಾಗನ್ ತುಂಬಿದಾಗ 81 ಟನ್ ತೂಗುತ್ತದೆ. ಒಂದು ರೇಕಿನಲ್ಲಿ, ಅಂದರೆ ಇಡೀ ಗಾಡಿಯಲ್ಲಿ, ಅಂಥವು 58. ಅಂದರೆ 4,700 ಟನ್ ಆಸುಪಾಸು. ಆಟದ ನಕ್ಷೆಯ ಒಂದು ಚೌಕಕ್ಕೆ ಎರಡು ಡಬ್ಬಿ ಹಿಡಿಯುತ್ತವೆ, ಗಾಡಿಯ ಉದ್ದ ಸೆಟ್ಟಿಂಗ್ ಮುಟ್ಟದಿದ್ದರೆ ಏಳು ಚೌಕ. ನಾನು ಕಟ್ಟಿದ್ದು ಹತ್ತು ವ್ಯಾಗನ್, 810 ಟನ್. ಅಷ್ಟು ಹಗುರ ಗಾಡಿಗೆ 4,000 ಅಶ್ವಶಕ್ತಿ ಕಟ್ಟಿದರೆ ಬೈಕ್ ಹೋದಂಗೇ ಹೋಗುತ್ತೆ ಅಲ್ವಾ? ಎಂಜಿನ್ ನಿಜ, ಹಿಂದಿನ ಗಾಡಿ ಆಟಿಕೆ. ಒಂದು ಕಡೆ ಪೂರ್ತಿ ವಾಸ್ತವ, ಇನ್ನೊಂದು ಕಡೆ ಆಟದ ಅಳತೆ. ಎರಡೂ ಸೇರಿದಾಗ ಹುಟ್ಟಿದ್ದು ಮೂಲ ಆಟಕ್ಕಿಂತಲೂ ದೊಡ್ಡ ಸುಳ್ಳು.

ಮೊದಲು ಎಂಜಿನ್ನಿನ ಶಕ್ತಿ ಇಳಿಸಿ 1,000 ಮಾಡಿ ನೋಡಿದೆ. ಗಾಡಿ ಓಡುವುದು ಸರಿಹೋಯಿತು, ಆದರೆ ಕೊಳ್ಳುವ ಪಟ್ಟಿಯಲ್ಲಿ ಡಬ್ಲ್ಯೂಡಿಜಿ-4 ಎದುರು 1,000 ಅಂತ ಬರೆದದ್ದನ್ನು ನೋಡಿ ನನಗೇ ತಡೆಯಲಾಗಲಿಲ್ಲ. ಆ ಎಂಜಿನ್ ಬಲ್ಲವರು ಅದನ್ನು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಪರಿಹಾರ ಆಟದೊಳಗೇ ಇತ್ತು. ಸರಕು ಗಾಡಿಯ ತೂಕವನ್ನು ಇಷ್ಟು ಪಟ್ಟು ಹೆಚ್ಚಿಸು ಅನ್ನುವ ಒಂದು ಸೆಟ್ಟಿಂಗ್ ಇದೆ, ಸುಮ್ನೆ ಬಿಟ್ಟರೆ ಅದು 1. ನಾನು 5 ಇಟ್ಟೆ. ಇದರ ಚಂದ ಏನೆಂದರೆ ಅದು ಹೆಚ್ಚಿಸುವುದು ಒಳಗಿನ ಸರಕಿನ ತೂಕವನ್ನು ಮಾತ್ರ, ಖಾಲಿ ವ್ಯಾಗನ್ನಿನದನ್ನಲ್ಲ. ಹಾಗಾಗಿ ಖಾಲಿ ಗಾಡಿ ಹಗುರವಾಗಿ ಓಡುತ್ತದೆ, ತುಂಬಿದ ಗಾಡಿ ಉಸಿರು ಬಿಡುತ್ತಾ ಹೊರಡುತ್ತದೆ. 58 ಟನ್ ಸರಕು ಐದು ಪಟ್ಟಾಗಿ 290, ಅದಕ್ಕೆ ಖಾಲಿ ವ್ಯಾಗನ್ನಿನ ಇಪ್ಪತ್ತೆರಡೂವರೆ ಸೇರಿಸಿದರೆ ಒಂದಕ್ಕೆ ಮುನ್ನೂರ ಹನ್ನೆರಡು ಟನ್, ಹತ್ತಕ್ಕೆ ಮೂರು ಸಾವಿರ ದಾಟುತ್ತದೆ. ಕಣ್ಣಿಗೆ ಕಾಣುವುದು ಪುಟ್ಟ ಗಾಡಿ, ಎಂಜಿನ್ನಿಗೆ ಗೊತ್ತಾಗುವುದು ದೊಡ್ಡ ರೇಕು.

ಇಷ್ಟಾದ ಮೇಲೆ ಘಾಟ್. ಕ್ಯಾಸಲ್‌ರಾಕ್‌ನಿಂದ ಕೂಲೆಂವರೆಗಿನ ಸುಮಾರು 26 ಕಿಲೋಮೀಟರ್ ಬ್ರಗಾಂಜಾ ಘಾಟಿನ ಏರು 37ಕ್ಕೆ 1, ಅಂದರೆ 37 ಮೀಟರ್ ಹೋದರೆ ಒಂದು ಮೀಟರ್ ಏರಬೇಕು. ಶೇಕಡಾ ಲೆಕ್ಕದಲ್ಲಿ 2.7. ಸ್ಕ್ರೀನ್ ಮೇಲೆ ಆಟದ ಏರು ಗುಡ್ಡ ಹತ್ತಿದಷ್ಟು ಕಡಿದಾಗಿ ಕಾಣುತ್ತದೆ, ಹಾಗಾಗಿ ಆ ಸೆಟ್ಟಿಂಗನ್ನು ಬದಲಿಸಲೇಬೇಕು ಅಂತ ತಿಳಿದಿದ್ದೆ. ತೆಗೆದು ನೋಡಿದರೆ ರೈಲಿನ ಏರಿಗೆ ಆಟದಲ್ಲಿ ಮೊದಲೇ ಇಟ್ಟ ಅಂಕಿ ಶೇಕಡಾ 3! ನಮ್ಮ ಘಾಟಿಗೂ ಅದಕ್ಕೂ ಕೂದಲೆಳೆಯ ಅಂತರ. ಅದನ್ನು ಹಾಗೇ ಬಿಟ್ಟೆ. ಚಿತ್ರ ನೋಡಿ ಅಂಕಿ ಬದಲಿಸಿದ್ದರೆ ಇದ್ದ ವಾಸ್ತವವನ್ನೂ ಕಳೆದುಕೊಳ್ಳುತ್ತಿದ್ದೆ.

ಆದರೂ ಗಾಡಿ ಏರಲಿಲ್ಲ. ಎರಡು ಎಂಜಿನ್ ಕಟ್ಟಿದರೂ ತೆವಳುತ್ತಿತ್ತು. ಇಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ, ಎಂಜಿನ್ ಸೆಟ್ ಮಾಡುವವರು ಖಂಡಿತ ಗಮನಿಸಿ. ಅಶ್ವಶಕ್ತಿ ಎಷ್ಟೇ ಇರಲಿ, ನಿಧಾನದಲ್ಲಿ ಎಳೆಯುವ ತಾಕತ್ತು ಚಕ್ರ ಹಳಿಯನ್ನು ಎಷ್ಟು ಹಿಡಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಎನ್‌ಎಂಎಲ್‌ನಲ್ಲಿ ಅದಕ್ಕೆ ಬೇರೆಯೇ ಒಂದು ಸಾಲಿದೆ. ಬರೆಯದಿದ್ದರೆ ಆಟ 0.3, ಅಂದರೆ ಎಂಜಿನ್ ತೂಕದ ನೂರಕ್ಕೆ ಮೂವತ್ತು ಪಾಲು ಎಳೆತ, ಅಂತ ತಾನೇ ಹಿಡಿದುಕೊಳ್ಳುತ್ತದೆ. ನಾನು ಆ ಸಾಲು ಬರೆದೇ ಇರಲಿಲ್ಲ. 126 ಟನ್ ಎಂಜಿನ್ನಿಗೆ 0.3 ಹಿಡಿದರೆ ಎಳೆತ 370 ಕಿಲೋನ್ಯೂಟನ್. ನಿಜವಾದ ಡಬ್ಲ್ಯೂಡಿಜಿ-4 ಹೊರಡುವಾಗ ಸುಮಾರು 540 ಎಳೆಯುತ್ತದೆ, ಅಂದರೆ 0.44. ಅದೇ ಹಳೆಯ ಡಬ್ಲ್ಯೂಡಿಎಂ-2 ಲೆಕ್ಕ ಹಾಕಿದರೆ 0.27 ಬರುತ್ತದೆ. 2,600 ಅಶ್ವಶಕ್ತಿಯ ಆ ಎಂಜಿನ್ನಿಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ.

ಕಾಕಾಗೆ ಈ ಎರಡು ಅಂಕಿ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಖರೇ ಐತಿ. ಹಳೇ ಎಂಜಿನ್ ಮಳಿಗಾಲದಾಗ ಘಾಟ್‌ನಾಗ ಜಾರತಿತ್ತು, ಉಸುಕು ಬಿಟ್ಟು ಬಿಟ್ಟು ಹತ್ತಸ್ತಿದ್ವಿ. ಹೊಸಾದು ಹಳಿ ಕಚ್ಚಿ ಹಿಡಿತೈತಿ," ಅಂದರು. ಅವರ ಇಡೀ ಮಾತು ನನ್ನ ಫೈಲಿನಲ್ಲಿ ಎರಡು ದಶಮಾಂಶ ಅಂಕಿಯಾಗಿ ಕೂತಿತು.

ಆ ಸಾಲು ಸೇರಿಸಿದ ಮೇಲೆ ಆದದ್ದನ್ನು ನೋಡಿ ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ಒಂದು ಎಂಜಿನ್ನಿನ ತುಂಬಿದ ಗಾಡಿ ಬಯಲಲ್ಲಿ ಚೆನ್ನಾಗಿ ಓಡಿ, ಘಾಟ್ ಶುರುವಾದ ಮೂರನೇ ಚೌಕಕ್ಕೆ ಸೊರಗಿ, ಪೂರ್ತಿ ಗಾಡಿ ಏರಿನ ಮೇಲೆ ಬಂದಾಗ ನಡಿಗೆಯ ವೇಗಕ್ಕೆ ಇಳಿಯಿತು. ಎರಡು ಎಂಜಿನ್ ಕಟ್ಟಿದೆ. ಏರಿತು, ನಿಧಾನಕ್ಕೆ, ಆದರೆ ಏರಿತು. ಆ ಘಾಟಿನಲ್ಲಿ ಹಿಂದಿನಿಂದ ತಳ್ಳುವ ಎಂಜಿನ್ ಯಾಕೆ ಬೇಕು ಅನ್ನೋದನ್ನು ಈಗ ಆಟ ತಾನೇ ಹೇಳುತ್ತಿತ್ತು.

ಇಲ್ಲಿ ನನಗೆ ಒಂದು ವಿಷಯ ಮನಸ್ಸಿಗೆ ಬಂತು, ಮುಂದಿನ ಎಲ್ಲಾ ತೀರ್ಮಾನ ಅದರ ಮೇಲೇ ಮಾಡಿದೆ. ತೂಕ ಬಂದಾಗ ಆಡುವವನಿಗೆ ಕೆಲಸ ಬಂತು. ಎರಡನೇ ಎಂಜಿನ್ ಕೊಳ್ಳಬೇಕೋ, ವ್ಯಾಗನ್ ಕಡಿಮೆ ಮಾಡಬೇಕೋ, ಸುರಂಗ ಕೊರೆದು ಏರು ತಗ್ಗಿಸಬೇಕೋ? ಮೂಲ ಆಟದ ಜೀವ ಇಂಥ ಪ್ರಶ್ನೆಯಲ್ಲೇ ಇರೋದು. ವಾಸ್ತವ ಹೊಸ ಪ್ರಶ್ನೆ ಕೇಳಿದರೆ ಅದನ್ನು ಒಳಗೆ ಬಿಡು, ಇರುವ ಪ್ರಶ್ನೆಯನ್ನು ಕಿತ್ತುಕೊಂಡರೆ ಹೊರಗೇ ಇಡು ಅಂತ ನನಗೆ ನಾನೇ ಹೇಳಿಕೊಂಡೆ.

ಇದು ಹೇಳುವಷ್ಟು ಸುಲಭ ಅಲ್ಲ. ಬಣ್ಣದ ವಿಷಯವನ್ನೇ ನೋಡಿ.

ನಾನು ನೀಲಿ ಡಬ್ಬಿಗಳನ್ನು ಎಷ್ಟು ಆಸೆಯಿಂದ ಬಿಡಿಸಿದ್ದೆ ಅಂದರೆ ಕಿಟಕಿಯ ಅಡ್ಡ ಸರಳುಗಳು ಆ ಅಳತೆಯಲ್ಲಿ ಕಾಣಲ್ಲ ಅಂತ ಗೊತ್ತಿದ್ದರೂ ಅವುಗಳ ನೆರಳಿಗೆ ಒಂದು ಬೂದು ಚುಕ್ಕೆ ಇಟ್ಟಿದ್ದೆ. ಪ್ರತಿ ಎಂಜಿನ್ನಿಗೂ ಎಂಟು ದಿಕ್ಕಿನ ಚಿತ್ರ ಬೇಕು. ಆಟಕ್ಕೆ ಹಾಕಿ ನೋಡಿದರೆ ನನ್ನ ನೀಲಿ ಡಬ್ಬಿಗಳು ಕೆಂಪಾಗಿ ಓಡುತ್ತಿದ್ದವು! ಕಾರಣ ಇಷ್ಟೇ: ಆಟದ 256 ಬಣ್ಣಗಳಲ್ಲಿ 198ರಿಂದ 205ರವರೆಗಿನ ಎಂಟು ನೀಲಿಗಳು ಮೀಸಲು. ಅವನ್ನು ಬಳಸಿದ ಕಡೆಯೆಲ್ಲಾ ಆಟ ಆಡುವವನ ಕಂಪನಿಯ ಬಣ್ಣ ತುಂಬುತ್ತದೆ. ನನ್ನ ಕಂಪನಿ ಕೆಂಪು, ಡಬ್ಬಿಯೂ ಕೆಂಪು.

ತಕ್ಷಣ ಬೇರೆ ನೀಲಿ ಹಾಕಿ ಸರಿ ಮಾಡಿದೆ. ಈಗ ಎಲ್ಲರ ಗಾಡಿಯೂ ನಿಜವಾದ ರೈಲ್ವೆ ನೀಲಿ. ಆಮೇಲೆ ಅಕ್ಕನ ಮಗ, ಅಂದರೆ ನನ್ನ ಅಳಿಯ, ಮತ್ತು ಅವನ ಇಬ್ಬರು ಗೆಳೆಯರು ಒಟ್ಟಿಗೆ ಆಡಲು ಕೂತರು. ಹತ್ತು ನಿಮಿಷದಲ್ಲಿ ಗಲಾಟೆ. ಯಾರ ಗಾಡಿ ಯಾವುದು ಅಂತ ಯಾರಿಗೂ ಗೊತ್ತಾಗಲಿಲ್ಲ. ಮೂಲ ಆಟದಲ್ಲಿ ಆ ಬಣ್ಣ ಅಲಂಕಾರಕ್ಕೆ ಇರಲಿಲ್ಲ, ದೂರದಿಂದ ನೋಡಿದರೂ ನನ್ನದು ಯಾವುದು, ಎದುರಾಳಿಯದು ಯಾವುದು ಅಂತ ಹೇಳಲು ಇತ್ತು. ನಾನು ಅದನ್ನೇ ಅಳಿಸಿದ್ದೆ. ಕೊನೆಗೆ ಡಬ್ಬಿಯ ಮೈ ರೈಲ್ವೆ ನೀಲಿ, ಕಿಟಕಿಯ ಕೆಳಗಿನ ಪಟ್ಟಿ ಮತ್ತು ಚಾವಣಿಯ ಅಂಚು ಕಂಪನಿಯ ಬಣ್ಣ ಅಂತ ಮಾಡಿದೆ. ಎರಡು ಪಿಕ್ಸೆಲ್ ದಪ್ಪದ ಪಟ್ಟಿ. ಒಂದು ಪಿಕ್ಸೆಲ್ ಇಟ್ಟರೆ ಕಾಣಲ್ಲ, ಮೂರಾದರೆ ಡಬ್ಬಿ ಆಟಿಕೆಯಂತೆ ಕಾಣುತ್ತದೆ. ಈ ಎರಡಕ್ಕೆ ಬರಲು ನನಗೆ ಒಂದು ವಾರ ಹಿಡಿಯಿತು.

ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರದ ವಿಷಯದಲ್ಲಿ ಮಾತ್ರ ವಾಸ್ತವವೂ ಮೂಲ ಆಟವೂ ತಾವಾಗೇ ಕೈ ಹಿಡಿದುಕೊಂಡವು. ಮೂಲ ಆಟದಲ್ಲಿ ಮಾಮೂಲಿ ಹಳಿಯಿಂದ ಒಂಟಿ ಹಳಿಯ ಮೊನೊರೈಲಿಗೆ, ಅಲ್ಲಿಂದ ಆಯಸ್ಕಾಂತದ ಬಲದಲ್ಲಿ ತೇಲುವ ಮ್ಯಾಗ್ಲೆವ್‌ಗೆ ಹೋಗಬೇಕು. ಹಳೆ ಗಾಡಿ ಹೊಸ ಹಳಿಯ ಮೇಲೆ ಓಡಲ್ಲ, ಎಲ್ಲಾ ಮಾರಿ ಹೊಸದು ಕೊಳ್ಳಬೇಕು. ಹುಬ್ಬಳ್ಳಿಯಲ್ಲಿ ಮೊನೊರೈಲ್ ಎಲ್ಲಿಂದ ತರಲಿ ಅಂತ ಯೋಚಿಸುತ್ತಿದ್ದವನಿಗೆ ತಟ್ಟನೆ ಹೊಳೆಯಿತು. ನಮ್ಮಲ್ಲೂ ಅದು ಆಗಿದೆಯಲ್ಲ! 1,000 ಮಿಲಿಮೀಟರಿನ ಮೀಟರ್‌ಗೇಜ್ ಹೋಗಿ 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಬಂದದ್ದು. 1990ರ ದಶಕದಲ್ಲಿ ನಮ್ಮ ಬೆಂಗಳೂರು ಲೈನ್ ಬದಲಾಗುವಾಗ ನಾನು ಹುಡುಗ. ಹಾವೇರಿಯ ಅತ್ತೆ ಮನೆಗೆ ರೈಲಿನಲ್ಲಿ ಹೋಗುತ್ತಿದ್ದವರು ಆಗ ಪಿ.ಬಿ. ರಸ್ತೆಯ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವ್ವನಿಗೆ ಬಸ್ಸಿನಲ್ಲಿ ವಾಂತಿ ಬರುತ್ತಿತ್ತು, ಹಾಗಾಗಿ ಹೊಸ ಹಳಿ ಯಾವಾಗ ಮುಗಿಯುತ್ತೆ ಅನ್ನೋದು ನಮ್ಮ ಮನೆಯ ದೊಡ್ಡ ಪ್ರಶ್ನೆಯಾಗಿತ್ತು.

ಮೊನೊರೈಲ್ ಇದ್ದ ಜಾಗಕ್ಕೆ ಬ್ರಾಡ್‌ಗೇಜ್ ಕೂರಿಸಿದೆ. ಆಟದ ನಿಯಮ ಒಂದನ್ನೂ ಮುಟ್ಟಲಿಲ್ಲ. ಹಳಿ ಬದಲಿಸುವಾಗ ಅದರ ಮೇಲೆ ಗಾಡಿ ಇದ್ದರೆ ಆಟ ಬಿಡುವುದಿಲ್ಲ, ಆದ್ದರಿಂದ ಲೈನ್ ಖಾಲಿ ಮಾಡಲೇಬೇಕು. ಅಷ್ಟು ದಿನ ಆದಾಯ ಇಲ್ಲ. ಗದಗ ಲೈನ್ ಮೊದಲು ಬದಲಿಸಲೋ, ಹಾವೇರಿ ಲೈನೋ? ಪೂರ್ತಿ ನಿಲ್ಲಿಸಲೋ, ತುಂಡು ತುಂಡಾಗಿ ಮಾಡಲೋ? ನಾವು ಬಸ್ಸಿನಲ್ಲಿ ಹೋದ ಆ ದಿನಗಳ ಹಿಂದೆ ಇದ್ದ ತಲೆನೋವು ಇದೇ.

ಆಮೇಲೆ ಜಾಸ್ತಿ ಆಸೆಪಟ್ಟೆ. ನಿಜದಲ್ಲಿ ಎರಡೂ ಗೇಜಿನ ಗಾಡಿ ಓಡುವಂಥ ಮೂರು ಹಳಿಯ ಮಿಶ್ರ ದಾರಿಗಳೂ ಇದ್ದವು. ಅದನ್ನೂ ಸೇರಿಸಿದೆ, ಕೋಡ್ ಒಂದೇ ದಿನದ ಕೆಲಸ. ಅಳಿಯ ಮೊದಲ ದಿನವೇ ಊರೆಲ್ಲಾ ಮೂರು ಹಳಿ ಹಾಸಿದ. ಗಾಡಿ ನಿಲ್ಲಿಸಲಿಲ್ಲ, ಲೈನ್ ಮುಚ್ಚಲಿಲ್ಲ, ಯಾವ ಯೋಚನೆಯೂ ಮಾಡಲಿಲ್ಲ. ಇತಿಹಾಸದಲ್ಲಿ ಇದ್ದದ್ದೇ ಆದರೂ ಆಟದ ಬೆನ್ನು ಮುರಿಯಿತು. ತೆಗೆಯಲು ಮನಸ್ಸಾಗಲಿಲ್ಲ, ಕಟ್ಟುವ ಖರ್ಚನ್ನು ಮೂರು ಪಟ್ಟು ಏರಿಸಿದೆ, ನೋಡಿಕೊಳ್ಳುವ ಖರ್ಚನ್ನೂ ಏರಿಸಿದೆ. ಈಗ ಅವನು ನಿಲ್ದಾಣದ ಹತ್ತಿರ ನಾಲ್ಕೈದು ಚೌಕಕ್ಕೆ ಮಾತ್ರ ಹಾಕುತ್ತಾನೆ.

ಬ್ರೇಕ್ ವಿಷಯದಲ್ಲಿ ನಾನು ಸೋತೆ, ಅದನ್ನೂ ಹೇಳಬೇಕು. ಮೂಲ ಆಟದಲ್ಲಿ ಗಾಡಿ ಸಿಗ್ನಲ್ ಎದುರು ಗಕ್ಕನೆ ನಿಲ್ಲುತ್ತದೆ. ಮೂರು ಸಾವಿರ ಟನ್ ಗಾಡಿ ಹಾಗೆ ನಿಲ್ಲುವುದನ್ನು ನೋಡಲು ಕಾಕಾಗೆ ಆಗುತ್ತಿರಲಿಲ್ಲ. ಓಪನ್‌ಟಿಟಿಡಿಯ ಜೆಜಿಆರ್ ಪ್ಯಾಚ್ ಪ್ಯಾಕ್ ಅನ್ನುವ ಆವೃತ್ತಿಯಲ್ಲಿ ನಿಜವಾದ ಬ್ರೇಕಿನ ವ್ಯವಸ್ಥೆ ಇದೆ. ಗಾಡಿ ನಿಲ್ಲಲು ಎಷ್ಟು ದೂರ ಬೇಕೋ ಅಷ್ಟು ದಾರಿಯನ್ನು ಮೊದಲೇ ಕಾಯ್ದಿರಿಸಿಕೊಳ್ಳುತ್ತದೆ. ಅದನ್ನು ಹಾಕಿ ನಮ್ಮ ನಕ್ಷೆ ಓಡಿಸಿದೆ. ನೋಡಲು ಬಹಳ ಚಂದ. ಗಾಡಿ ದೂರದಿಂದಲೇ ನಿಧಾನವಾಗುತ್ತಾ ಬಂದು ನಿಲ್ಲುವುದನ್ನು ಕಂಡು ಕಾಕಾ, "ಈಗ ನೋಡು, ಡ್ರೈವರ್ ಅದಾನ ಒಳಗ," ಅಂದರು.

ಆದರೆ ಅಳಿಯ ಎರಡು ತಿಂಗಳು ಕೂತು ಲೋಂಡಾ ಜಂಕ್ಷನ್ ಕಟ್ಟಿದ್ದ. ಒಂದರ ಹಿಂದೆ ಒಂದು ಗಾಡಿ ನಡುವೆ ಎರಡೇ ಚೌಕ ಬಿಟ್ಟು ದಾಟುವ ಹಾಗೆ ಸಿಗ್ನಲ್ ಇಟ್ಟಿದ್ದ. ಹೊಸ ಬ್ರೇಕಿನಲ್ಲಿ ದೂರದ ಗಾಡಿಯೊಂದು ಜಂಕ್ಷನ್ನನ್ನು ತನ್ನ ಹೆಸರಿಗೆ ಹಿಡಿದುಕೊಂಡು ಬಿಡುತ್ತಿತ್ತು, ಉಳಿದವು ಸಾಲಾಗಿ ನಿಂತವು. ಅವನು ಹೊಸದಾಗಿ ಕಟ್ಟಬಹುದಿತ್ತು, ಬೇರೆ ಥರದ ಜಂಕ್ಷನ್ ಯೋಚಿಸಬಹುದಿತ್ತು, ಅದನ್ನೇ ಇಷ್ಟಪಡುವವರೂ ಜಾಸ್ತಿ ಜನ ಇದ್ದಾರೆ, ಅವರ ಆಟವೂ ಒಳ್ಳೆಯ ಆಟವೇ. ಅವನು ಮಾತ್ರ ನನ್ನ ಮುಖ ನೋಡಿ, "ಮಾಮಾ, ಈಗ ಇದು ಬರೀ ಕಾಯೂ ಆಟ ಆತು," ಅಂದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟ್ರಾನ್ಸ್‌ಪೋರ್ಟ್ ಟೈಕೂನ್ ಅಂದರೆ ನನಗೂ ಅವನ ವಯಸ್ಸಿನಲ್ಲಿ ಜಂಕ್ಷನ್ ಕಟ್ಟುವುದೇ ಆಗಿತ್ತು. ಆ ಜಾಣ್ಮೆಗೆ ಸಿಗುವ ಫಲವನ್ನು ಕಿತ್ತುಕೊಂಡು ನಾನು ಚಂದದ ಬ್ರೇಕ್ ಕೊಟ್ಟಿದ್ದೆ. ಮರುದಿನ ಹಿಂದಕ್ಕೆ ತೆಗೆದೆ. ನನ್ನ ಸೆಟ್ ಎರಡೂ ಕಡೆ ಓಡುತ್ತದೆ, ಆದರೆ ಹುಬ್ಬಳ್ಳಿ ನಕ್ಷೆ ಹಳೆ ಬ್ರೇಕಿನಲ್ಲೇ ಇದೆ.

ಸರಕುಗಳನ್ನೂ ಮುಟ್ಟಲಿಲ್ಲ. ಗೋವಾದ ಬಂದರಿನಿಂದ ಬರುವ ಕಲ್ಲಿದ್ದಲು ನಿಜದಲ್ಲಿ ಘಾಟ್ ಹತ್ತಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಮೂಲ ಆಟದಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ, ಅದಿರು ಉಕ್ಕಿನ ಕಾರ್ಖಾನೆಗೆ. ಹಳೆ ಆಟಗಾರರ ಕೈಗೆ ಅದು ಅಭ್ಯಾಸವಾಗಿದೆ. ಹಾಗೇ ಇರಲಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ನಮ್ಮ ಹುಬ್ಬಳ್ಳಿಯ 1,507 ಮೀಟರಿನ ಪ್ಲಾಟ್‌ಫಾರ್ಮ್ ಎಲ್ಲಿ? 2023ರಲ್ಲಿ ಉದ್ಘಾಟನೆ ಆದಾಗ ಊರೇ ಹೆಮ್ಮೆಪಟ್ಟಿತು, ನನಗೂ ಅದನ್ನು ಹಾಕುವ ಆಸೆ ಇತ್ತು. ಆಟದಲ್ಲಿ ನಿಲ್ದಾಣವನ್ನು 64 ಚೌಕದವರೆಗೂ ಹಬ್ಬಿಸಬಹುದು, ಉದ್ದಕ್ಕೆ ತೊಂದರೆ ಇಲ್ಲ. ತೊಂದರೆ ಇರೋದು ಉಪಯೋಗದಲ್ಲಿ. ನಿಜದಲ್ಲಿ ಅಷ್ಟು ಉದ್ದ ಇದ್ದರೆ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ಗಾಡಿ ನಿಲ್ಲಿಸಬಹುದು. ಆಟದಲ್ಲಿ ಪ್ಲಾಟ್‌ಫಾರ್ಮಿನ ನಡುವೆ ಸಿಗ್ನಲ್ ಇಡಲು ಬರುವುದಿಲ್ಲ, ಒಂದು ಗಾಡಿ ಬಂದರೆ ಪೂರ್ತಿ ಪ್ಲಾಟ್‌ಫಾರ್ಮ್ ಅದರದೇ. ಕೆಲಸಕ್ಕೆ ಬಾರದ ಉದ್ದವನ್ನು ಎಳೆದು ತೋರಿಸುವುದು ನನಗೆ ಸರಿ ಅನ್ನಿಸಲಿಲ್ಲ. ಹಳದಿ ನಾಮಫಲಕ, ಚಹಾದ ಸ್ಟಾಲ್, ಚಾವಣಿಯ ಕಂಬ ಬಿಡಿಸಿದೆ. ಉದ್ದ ಆಡುವವರಿಗೆ ಬಿಟ್ಟದ್ದು.

ಕಾಲದ ಬಗ್ಗೆ ಒಂದೇ ಮಾತು. ಆಟದ ಒಂದು ವರ್ಷ ನಮ್ಮ 12 ನಿಮಿಷ. 1950ರಿಂದ 1995ಕ್ಕೆ ಬರಲು ಒಂಬತ್ತು ಗಂಟೆ ಸಾಕು. 2024ರಲ್ಲಿ ಬಂದ ಓಪನ್‌ಟಿಟಿಡಿಯ 14ನೇ ಆವೃತ್ತಿಯಿಂದ ಕ್ಯಾಲೆಂಡರನ್ನು ನಿಧಾನ ಮಾಡಬಹುದು. 36 ನಿಮಿಷ ಇಟ್ಟು ನೋಡಿದೆ, ಉಗಿ ಎಂಜಿನ್ ಕಾಲ ಮುಗಿಯುವಷ್ಟರಲ್ಲಿ ಎಲ್ಲರೂ ಆಟ ಬಿಟ್ಟು ಎದ್ದಿದ್ದರು. ಗೇಜ್ ಬದಲಾವಣೆವರೆಗೆ ಒಬ್ಬರೂ ಬರಲಿಲ್ಲ. ವಾಪಸ್ 12ಕ್ಕೆ ತಂದೆ.

ಈಗ ಕಾಕಾ ವಾರಕ್ಕೆ ಎರಡು ಸಂಜೆ ಬಂದು ತಾವೇ ಆಡುತ್ತಾರೆ. ಮೌಸ್ ಹಿಡಿಯಲು ಅಳಿಯ ಕಲಿಸಿದ. ಅವರ ಗಾಡಿಗೆ ಮುಂದೆ ಎರಡು, ಹಿಂದೆ ಒಂದು ಎಂಜಿನ್. ಹಿಂದಿನ ಬ್ಯಾಂಕರ್ ಎಂಜಿನ್ನನ್ನು ಕ್ಯಾಸಲ್‌ರಾಕ್‌ನಲ್ಲಿ ಬಿಚ್ಚಿ ವಾಪಸ್ ಕಳಿಸಬೇಕು ಅನ್ನೋದು ಅವರ ಹಟ, ಆದರೆ ಓಡುವ ಗಾಡಿಯಿಂದ ಎಂಜಿನ್ ಬಿಚ್ಚುವ ವ್ಯವಸ್ಥೆ ಈ ಆಟದಲ್ಲಿಲ್ಲ. ಹಾಗಾಗಿ ಪಾಪ, ಅದು ಹುಬ್ಬಳ್ಳಿವರೆಗೂ ತಳ್ಳಿಕೊಂಡೇ ಬರುತ್ತದೆ.

ಅವರದು ಇನ್ನೂ ಒಂದು ತಕರಾರಿದೆ, ಅದು ನನ್ನನ್ನೂ ಬಿಡುತ್ತಿಲ್ಲ. ಆಟದಲ್ಲಿ ಇಳಿಜಾರು ಅಂದರೆ ಆರಾಮ, ಗಾಡಿ ತಾನೇ ವೇಗ ಹಿಡಿಯುತ್ತದೆ. "ಹತ್ತೂದು ಏನು ದೊಡ್ಡದಲ್ಲ ತಮ್ಮಾ," ಅಂತಾರೆ, "ಹತ್ತದಿದ್ರ ಗಾಡಿ ನಿಂದರತೈತಿ, ಅಷ್ಟ. ಇಳಿಯೂ ಮುಂದ ಎದಿ ಹೊಡ್ಕೋತೈತಿ. ಕ್ಯಾಸಲ್‌ರಾಕ್‌ನಾಗ ಬ್ರೇಕ್ ನೋಡದ ಯಾರೂ ಕೆಳಗ ಬಿಡೂದಿಲ್ಲ." ಘಾಟಿನ ತುದಿಯಲ್ಲಿ ಒಂದು ಶೆಡ್ ಇಟ್ಟು, ಇಳಿಯುವ ಪ್ರತಿ ಗಾಡಿಯೂ ಅಲ್ಲಿ ಹೊಕ್ಕು ತಪಾಸಣೆ ಮಾಡಿಸಿಕೊಂಡೇ ಹೋಗಬೇಕು ಅಂತ ಆದೇಶ ಕೊಟ್ಟು ನೋಡುತ್ತಿದ್ದೇನೆ. ಶೆಡ್ಡಿಗೆ ಒಂದೇ ಬಾಗಿಲು, ಗಾಡಿಗಳು ಹೊರಗೆ ಸಾಲು ನಿಲ್ಲುತ್ತಿವೆ. ಎರಡನೇ ಶೆಡ್ ಎಲ್ಲಿ ಇಡಬೇಕು ಅಂತ ನಿನ್ನೆ ಕಾಕಾ, ಅಳಿಯ ಇಬ್ಬರೂ ಒಂದು ಗಂಟೆ ವಾದ ಮಾಡಿದರು.